ಒಂದಗುಳಿನ ಲೆಕ್ಕ

ನವೆಂಬರ್ ಚುನಾವಣೆ ಮುಗಿದು, ಗೆದ್ದವರ ಭಾಷಣ ಸೋತವರ ಭಾಷಣ ಎರಡೂ ಹಳತಾದ ಮೇಲೆ, ಅಮೆರಿಕದ ಕೊಲರಾಡೊ ರಾಜ್ಯದ ರಾಜಧಾನಿ ಡೆನ್ವರ್‌ನಲ್ಲಿ ಒಂದು ಸಣ್ಣ ಸಭೆ ಸೇರುತ್ತದೆ. ಅದಕ್ಕೆ ಯಾರು ಬೇಕಾದರೂ ಹೋಗಬಹುದು. ಮೇಜಿನ ಮೇಲೆ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಬರೆದ, ಹತ್ತು ಮುಖದ ದಾಳಗಳಿರುತ್ತವೆ. ಬಂದವರಲ್ಲಿ ಕೆಲವರನ್ನು ಆರಿಸಿ ಸರದಿಯ ಮೇಲೆ ದಾಳ ಉರುಳಿಸಲು ಹೇಳುತ್ತಾರೆ. ಬಿದ್ದ ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಕೂಗಿ ಬರೆದುಕೊಳ್ಳುತ್ತಾರೆ. ಹೀಗೆ 20 ಅಂಕಿ ಸೇರಿಸಿದರೆ ಸಭೆ ಮುಗಿಯಿತು.

ನಮ್ಮ ಕಡೆ ದಾಳ ಎಂದೊಡನೆ ಶಕುನಿಯೇ ಎದುರಿಗೆ ಬಂದು ಕೂರುತ್ತಾನೆ. ಅವನ ದಾಳದ ದೋಷವಾದರೂ ಏನು? ಅದು ಒಬ್ಬನ ಮಾತು ಕೇಳುತ್ತಿತ್ತು, ಅಷ್ಟೇ. ಯಾರ ಮಾತನ್ನೂ ಕೇಳದ ದಾಳ ಸಿಕ್ಕಿದರೆ ಅದಕ್ಕಿಂತ ನಿಷ್ಪಕ್ಷಪಾತಿ ಪಂಚಾಯ್ತಿದಾರ ಇನ್ನೊಬ್ಬನಿಲ್ಲ. ಕೊಲರಾಡೊದವರು ತಮ್ಮ ಮತ ಎಣಿಕೆ ಸರಿಯಾಗಿದೆಯೇ ಎಂದು ಒರೆಹಚ್ಚಲು ಈ ಪಂಚಾಯ್ತಿದಾರನನ್ನು ನಂಬುತ್ತಾರೆ. ಆ ಒರೆಗೆ ಅಲ್ಲಿನವರು ಇಟ್ಟಿರುವ ಹೆಸರನ್ನು ಕನ್ನಡಕ್ಕೆ ತಂದರೆ ಅಪಾಯಕ್ಕೆ ಮಿತಿ ಹಾಕುವ ಲೆಕ್ಕಪರಿಶೋಧನೆ ಎಂದಾಗುತ್ತದೆ. ಹೆಸರು ಬ್ಯಾಂಕಿನ ಸುತ್ತೋಲೆಯಂತಿದೆ. ಒಳಗಿರುವುದು ಮಾತ್ರ ಒಳ್ಳೆಯ ಬಡಗಿಯ ಜೋಡಣೆಯಂಥ ಕಸುಬು. ದಾಳ ಆ ಕಸುಬಿನ ಮಧ್ಯದಲ್ಲಿ ಬರುತ್ತದೆ. ಅದಕ್ಕೂ ಮುಂಚಿನ ಕೆಲಸ ನೋಡದಿದ್ದರೆ ದಾಳದ ಬೆಲೆ ತಿಳಿಯುವುದಿಲ್ಲ.

ಮೊದಲು ಮತಪತ್ರ. 2013ರ ಕಾನೂನಿನ ನಂತರ ಕೊಲರಾಡೊದಲ್ಲಿ ನೋಂದಾಯಿತ ಸಕ್ರಿಯ ಮತದಾರರೆಲ್ಲರಿಗೂ ಮತಪತ್ರ ಅಂಚೆಯಲ್ಲೇ ಮನೆಗೆ ಬರುತ್ತದೆ. ಚುನಾವಣೆಗೆ 22 ದಿನ ಇರುವಾಗ ರವಾನೆ ಶುರು. ಬರುವುದು ಒಂದು ಚೀಟಿಯಲ್ಲ, ಒಂದು ಪ್ರಶ್ನೆಪತ್ರಿಕೆ. ಸಮ ವರ್ಷದಲ್ಲಿ ಗವರ್ನರ್, ಅಟಾರ್ನಿ ಜನರಲ್, ರಾಜ್ಯದ ಖಜಾಂಚಿ, 65 ಸದಸ್ಯರ ಕೆಳಮನೆ, 35 ಸದಸ್ಯರ ಸೆನೆಟ್. ಆಮೇಲೆ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಘಟಕ. ಇಂಥ 64 ಇವೆ. ಕೌಂಟಿಯ ಕಮಿಷನರ್, ಶೆರಿಫ್, ತೆರಿಗೆಗಾಗಿ ಆಸ್ತಿಯ ಬೆಲೆ ಕಟ್ಟುವವರು, ಜಮೀನು ಅಳೆಯುವ ಸರ್ವೇಯರ್, ಕೊನೆಗೆ ಅಸಹಜ ಸಾವುಗಳ ಕಾರಣ ಹುಡುಕುವ ಕೊರೊನರ್ ಹುದ್ದೆಗೂ ಬಹುತೇಕ ಕಡೆ ಜನರೇ ಓಟು ಹಾಕಬೇಕು. ಹೆಣದ ಪಂಚನಾಮೆ ಮಾಡುವವರು ಪಕ್ಷದ ಟಿಕೆಟ್ ಹಿಡಿದು ಮತ ಕೇಳುವುದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು. ಇದರ ಜೊತೆಗೆ ನ್ಯಾಯಾಧೀಶರ ಪಟ್ಟಿ: ಇವರು ಮುಂದುವರಿಯಬೇಕೇ, ಬೇಡವೇ?

ಇಷ್ಟಕ್ಕೇ ಮುಗಿಯುವುದಿಲ್ಲ. 1992ರಲ್ಲಿ ರಾಜ್ಯದ ಸಂವಿಧಾನಕ್ಕೆ ಸೇರಿಸಿದ ಒಂದು ತಿದ್ದುಪಡಿಯ ಪ್ರಕಾರ ಮತದಾರರ ಒಪ್ಪಿಗೆಯಿಲ್ಲದೆ ಯಾವ ಸರ್ಕಾರವೂ, ರಾಜ್ಯದ್ದಾಗಲಿ ಊರಿನದ್ದಾಗಲಿ, ಹೊಸ ತೆರಿಗೆ ಹಾಕುವಂತಿಲ್ಲ. ಆ ಪ್ರಶ್ನೆಯ ಮೊದಲ ಪದಗಳು ಹೇಗಿರಬೇಕು, ವರ್ಷಕ್ಕೆ ಎಷ್ಟು ಡಾಲರ್ ಹೊರೆ ಎಂಬುದು ಎಲ್ಲಿ ಬರಬೇಕು ಎಂಬುದನ್ನೂ ಸಂವಿಧಾನವೇ ಬರೆದಿಟ್ಟಿದೆ. ಪ್ರಶ್ನೆ ಅಚ್ಚಾಗುವುದು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ. ಗ್ರಂಥಾಲಯಕ್ಕೆ ಚೂರು ಹಣ ಕೊಡಿ ಎಂಬ ಬಡಪಾಯಿ ಕೋರಿಕೆ ಕೂಡ ಕಾಗದದ ಮೇಲೆ ಗುಡುಗಿದಂತೆ ಕಾಣುತ್ತದೆ. ಬೆಸ ವರ್ಷದ ನವೆಂಬರ್‌ನಲ್ಲಿ ಶಾಲಾ ಮಂಡಳಿ, ಪುರಸಭೆಗಳ ಸರದಿ.

ಇಷ್ಟುದ್ದದ ಕಾಗದವನ್ನು ಲಕ್ಷಗಟ್ಟಲೆ ಜನ ತುಂಬಿ ಕಳಿಸಿದರೆ ಕೈಯಲ್ಲಿ ಎಣಿಸುವುದು ಎಲ್ಲಿಂದ ಬಂತು? ಒಂದೇ ಹಾಳೆಯಲ್ಲಿ ಇಪ್ಪತ್ತು ಮೂವತ್ತು ಬೇರೆ ಬೇರೆ ಸ್ಪರ್ಧೆ. ಯಂತ್ರ ಬೇಕೇ ಬೇಕು. ಯಂತ್ರ ಬಂದೊಡನೆ ಅನುಮಾನವೂ ಬಂತು. ಅಲ್ಲಿ ಅನುಮಾನಕ್ಕೆ ಇನ್ನೂ ಒಂದು ಕಾರಣವಿದೆ. ರಾಜ್ಯದ ಚುನಾವಣೆ ನಡೆಸಲು ನಮ್ಮ ಚುನಾವಣಾ ಆಯೋಗದಂಥ ಸಂಸ್ಥೆ ಅಲ್ಲಿಲ್ಲ. ಇಡೀ ರಾಜ್ಯದ ಉಸ್ತುವಾರಿ ನೋಡುವ ಸೆಕ್ರೆಟರಿ ಆಫ್ ಸ್ಟೇಟ್ ಪಕ್ಷದ ಟಿಕೆಟ್ ಮೇಲೆ ಗೆದ್ದು ಬಂದವರು. ಕೌಂಟಿಯ ಚುನಾವಣೆ ನಡೆಸುವ ಕ್ಲರ್ಕ್ ಕೂಡ ಹೆಚ್ಚುಕಡಿಮೆ ಎಲ್ಲ ಕಡೆ ಹಾಗೆಯೇ. ಆಟಗಾರರೇ ಅಂಪೈರ್ ಆದಂತೆ. ಈ ಗಂಟನ್ನು ಬಿಚ್ಚಲು ಅವರು ಕಂಡುಕೊಂಡ ಉಪಾಯ ಹಳೆಯದು, ಸರಳವಾದದ್ದು: ಮುಖ್ಯವಾದ ಯಾವ ಕೆಲಸವನ್ನೂ ಒಬ್ಬರ ಕೈಗೆ ಕೊಡಬೇಡ, ಇಬ್ಬರಿಗೆ ಕೊಡು, ಆ ಇಬ್ಬರೂ ಎದುರಾಳಿ ಪಕ್ಷದವರಾಗಿರಲಿ.

ಈ ಇಬ್ಬಿಬ್ಬರನ್ನು ಎಲೆಕ್ಷನ್ ಜಡ್ಜ್ ಎನ್ನುತ್ತಾರೆ. ನ್ಯಾಯಾಲಯಕ್ಕೂ ಇವರಿಗೂ ಸಂಬಂಧವಿಲ್ಲ. ಕೆಲವು ವಾರಗಳ ಮಟ್ಟಿಗೆ ತರಬೇತಿ ಪಡೆದು ಕೂಲಿಗೆ ಬರುವ ಊರವರು. ರಾಜ್ಯದುದ್ದಕ್ಕೂ ನೆಟ್ಟಿರುವ 400ಕ್ಕೂ ಹೆಚ್ಚು ಉಕ್ಕಿನ ಮತಪೆಟ್ಟಿಗೆಗಳಿಂದ ಲಕೋಟೆ ತರುವುದರಿಂದಲೇ ಜೋಡಿ ಕೆಲಸ ಆರಂಭ. ಚುನಾವಣೆಯ ದಿನ ಸಂಜೆ 7 ಗಂಟೆಯೊಳಗೆ ಕೈಸೇರಿದ್ದಷ್ಟೇ ಲೆಕ್ಕ. ಅಂಚೆ ಮುದ್ರೆ ತೋರಿಸಿ ವಾದ ಮಾಡುವ ಹಾಗಿಲ್ಲ. ಸೈನಿಕರಿಗೆ, ಹೊರದೇಶದಲ್ಲಿರುವವರಿಗೆ ಮಾತ್ರ ಒಂದಿಷ್ಟು ರಿಯಾಯಿತಿ.

ಲಕೋಟೆಯ ಮೇಲೆ ಮತದಾರರ ಸಹಿ ಇರುತ್ತದೆ. ಅದನ್ನು ಕಡತದಲ್ಲಿರುವ ಹಳೆಯ ಸಹಿಗಳೊಂದಿಗೆ ಹೋಲಿಸಬೇಕು. ಇಡೀ ಸರಪಣಿಯಲ್ಲಿ ಕಣ್ಣಿನ ಪಳಗುವಿಕೆ ಹೆಚ್ಚು ಬೇಕಾದ ಜಾಗ ಇದು. ಅಕ್ಷರ ಯಾವ ಕಡೆಗೆ ವಾಲಿದೆ, ಎಲ್ಲಿ ಪೆನ್ನು ಎತ್ತಿದ್ದಾರೆ, ಸುರುಳಿ ಎಷ್ಟು ಅಗಲ, ಕೊನೆಯ ಎಳೆತ ಮೇಲಕ್ಕೆ ಹೋಗುತ್ತದೋ ಕೆಳಕ್ಕೋ. ವಯಸ್ಸಾದಂತೆ ಸಹಿ ನಡುಗುತ್ತದೆ. ಕೈಗೆ ಪೆಟ್ಟಾದರೆ ಮುದುಡುತ್ತದೆ. ಅವಸರಕ್ಕೆ ಹೆಸರಿನ ಅರ್ಧ ಹಾರಿಹೋಗುತ್ತದೆ. ಈ ಸಹಜ ಬದಲಾವಣೆಗೂ ಬೇರೆಯವರ ಕೈಗೂ ಇರುವ ವ್ಯತ್ಯಾಸವನ್ನು ತರಬೇತಿಯಲ್ಲಿ ಕಲಿಸುತ್ತಾರೆ. ದೊಡ್ಡ ಕೌಂಟಿಗಳಲ್ಲಿ ಮೊದಲ ನೋಟ ಯಂತ್ರದ್ದು. ಆದರೆ ಹೊಂದುವುದಿಲ್ಲ ಎಂದು ತಳ್ಳಿಹಾಕುವ ಅಧಿಕಾರ ಯಂತ್ರಕ್ಕಿಲ್ಲ. ಅದಕ್ಕೆ ಎರಡು ಪಕ್ಷದ ಇಬ್ಬರು ಕೂತು ನೋಡಲೇಬೇಕು. ಅವರೂ ಒಪ್ಪದಿದ್ದರೆ ಮತದಾರರಿಗೆ ಪತ್ರ ಹೋಗುತ್ತದೆ. ಚುನಾವಣೆ ಮುಗಿದು 8 ದಿನದೊಳಗೆ, ಹೌದು ಇದು ನಂದೇ ಸಹಿ ಎಂದು ಗುರುತು ತೋರಿಸಿದರೆ ಮತ ಉಳಿಯುತ್ತದೆ. ಈ ಹಂತದಲ್ಲಿ ಎದುರಾಗುವ ಒಂದು ಗೊಂದಲ ನನಗೆ ಬಹಳ ಇಷ್ಟ. ಗಂಡನ ಲಕೋಟೆಗೆ ಹೆಂಡತಿ, ಹೆಂಡತಿಯದಕ್ಕೆ ಗಂಡ ಸಹಿ ಹಾಕಿರುತ್ತಾರೆ. ಅಡುಗೆಮನೆಯ ಮೇಜಿನ ಮೇಲೆ ಲಕೋಟೆ ಅದಲುಬದಲಾಗಿದೆ, ಅಷ್ಟೇ. ನಿಯಮ ಇದನ್ನು ಅಪರಾಧ ಎನ್ನುವುದಿಲ್ಲ. ಎರಡು ಸಹಿಯೂ ಆ ಮನೆಯವರದೇ ಎಂದು ಕಂಡರೆ ಎರಡನ್ನೂ ಸ್ವೀಕರಿಸುತ್ತದೆ.

ಸಹಿ ದಾಟಿದ ಲಕೋಟೆ ತೆರೆಯುವ ಕೋಣೆಗೆ ಹೋಗುತ್ತದೆ. ಲಕೋಟೆಯ ಮೇಲಿನ ಹೆಸರು ಮತ್ತು ಒಳಗಿನ ಗುರುತು ಒಂದೇ ಕಣ್ಣಿಗೆ ಬೀಳದಂತೆ ಕಾಗದವನ್ನು ಹೊರತೆಗೆಯುತ್ತಾರೆ. ಆ ಕ್ಷಣದಿಂದ ಅದು ಯಾರ ಮತವೂ ಅಲ್ಲ, ಬರೀ ಒಂದು ಮತ. ಮತ್ತೆ ಹಿಂದಕ್ಕೆ ಹೋಗಿ ಇದು ಇಂಥವರದು ಎಂದು ಹೇಳಲು ದಾರಿಯೇ ಇಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಇಸ್ತ್ರಿ ಅಂಗಡಿಯ ಕೆಲಸ: ಮಡಿಕೆ ಬಿಡಿಸುವುದು, ತಿರುವಿ ಮಟ್ಟ ಮಾಡುವುದು, ಹರಿದದ್ದನ್ನು, ಕಾಫಿ ಚೆಲ್ಲಿದ್ದನ್ನು ಬೇರೆ ಇಡುವುದು. ಸ್ಕ್ಯಾನರ್ ಒಲ್ಲೆನೆಂದ ಹಾಳೆಯನ್ನು ಜೋಡಿ ಕೂತು ಹೊಸ ಹಾಳೆಗೆ ನಕಲು ಮಾಡುತ್ತದೆ. ಒಬ್ಬರು ಓದಿ ಹೇಳಿದ್ದನ್ನು ಇನ್ನೊಬ್ಬರು ತುಂಬುತ್ತಾರೆ. ಮೂಲಕ್ಕೂ ನಕಲಿಗೂ ಒಂದೇ ಸಂಖ್ಯೆ ಕೊಡುತ್ತಾರೆ. ಉಳಿದವು ಕಂತೆ ಕಂತೆಯಾಗಿ ಸ್ಕ್ಯಾನರ್‌ಗೆ ಹೋಗುತ್ತವೆ. ಹಾಳೆಯ ಮೇಲಿನ ಗುಂಡನೆಯ ಖಾಲಿ ಜಾಗಗಳಲ್ಲಿ ಯಾವುದು ಕಪ್ಪಾಗಿದೆ ಎಂದು ಯಂತ್ರ ಓದುತ್ತದೆ. ಜನ ಮಾತ್ರ ಹೇಳಿದ ಹಾಗೆ ಎಲ್ಲಿ ಮಾಡುತ್ತಾರೆ! ಒಬ್ಬರು ಹೆಸರಿಗೇ ಸುತ್ತು ಹಾಕುತ್ತಾರೆ. ಇನ್ನೊಬ್ಬರು ಒಂದನ್ನು ತುಂಬಿ, ಮನಸ್ಸು ಬದಲಾಗಿ, ಅದರ ಮೇಲೆ ಗೀಟು ಎಳೆದು ಮತ್ತೊಂದನ್ನು ತುಂಬುತ್ತಾರೆ. ಮತದಾರರ ಇಂಗಿತ ಅರಿಯಲೆಂದೇ ರಾಜ್ಯ ಒಂದು ಸಚಿತ್ರ ಕೈಪಿಡಿ ಮಾಡಿದೆ. ಹೀಗೆ ಗೀಚಿದ್ದರೆ ಹೀಗೆ ಓದಿ ಎಂದು ಅದು ಹೇಳುತ್ತದೆ. ಯಂತ್ರಕ್ಕೆ ಗೊಂದಲವಾದದ್ದನ್ನೆಲ್ಲ ಕೈಪಿಡಿ ಹಿಡಿದ ಜೋಡಿ ತೀರ್ಮಾನಿಸುತ್ತದೆ. ಸ್ಕ್ಯಾನ್ ಮುಗಿದ ಕಂತೆ ಅದೇ ಕ್ರಮದಲ್ಲಿ ಡಬ್ಬಕ್ಕೆ ಹೋಗುತ್ತದೆ. ಡಬ್ಬಕ್ಕೆ ಸಂಖ್ಯೆಯಿರುವ ಸೀಲ್, ಆ ಸಂಖ್ಯೆಗೆ ದಫ್ತರದಲ್ಲಿ ನಮೂದು, ಅದರ ಕೆಳಗೆ ಸಹಿಗಳು.

ಈಗ ಕೌಂಟಿಯ ಕೈಯಲ್ಲಿ ಎರಡು ಪಟ್ಟಿ. ಒಂದು, ಯಾವ ಡಬ್ಬದಲ್ಲಿ ಯಾವ ಕಂತೆ, ಕಂತೆಯಲ್ಲಿ ಎಷ್ಟು ಹಾಳೆ ಎಂಬ ಉಗ್ರಾಣದ ಪಟ್ಟಿ. ಇನ್ನೊಂದು, ಪ್ರತಿ ಹಾಳೆಯನ್ನು ಯಂತ್ರ ಹೇಗೆ ಓದಿತು ಎಂಬ ದಾಖಲೆ: ಮೂರನೇ ಸ್ಕ್ಯಾನರ್, ಹನ್ನೆರಡನೇ ಕಂತೆ, ನಲವತ್ತೇಳನೇ ಹಾಳೆ, ಶೆರಿಫ್ ಹುದ್ದೆಗೆ ಇಂಥವರು, ಗ್ರಂಥಾಲಯದ ತೆರಿಗೆಗೆ ಬೇಡ. ಎರಡನ್ನೂ ರಾಜ್ಯಕ್ಕೆ ಕಳಿಸಬೇಕು. ಜೊತೆಗೆ ಆ ಕಡತಗಳ ಹ್ಯಾಶ್ ಕೂಡ ಹೋಗುತ್ತದೆ. ಹ್ಯಾಶ್ ಎಂದರೆ ಕಡತದ ಹೆಬ್ಬೆಟ್ಟಿನ ಗುರುತು. ಆಮೇಲೆ ಒಂದು ಅಲ್ಪವಿರಾಮ ಬದಲಿಸಿದರೂ ಗುರುತು ತಾಳೆಯಾಗುವುದಿಲ್ಲ.

ಇಷ್ಟೂ ಆದ ಮೇಲೆಯೇ ದಾಳ ಉರುಳಬೇಕು. ನನ್ನ ಮಟ್ಟಿಗೆ ಇಡೀ ಕಸುಬಿನ ಜೀವ ಇರುವುದು ಈ ಹಿಂದುಮುಂದಿನಲ್ಲಿ. ಯಾವ ಹಾಳೆಗಳನ್ನು ಪರೀಕ್ಷಿಸುತ್ತಾರೆ ಎಂದು ಮೊದಲೇ ತಿಳಿದರೆ ಆ ಹಾಳೆಗಳನ್ನು ಬಿಟ್ಟು ಉಳಿದವನ್ನು ತಿದ್ದಬಹುದು. ದಾಖಲೆಗೆ ಮೊದಲು ಬೀಗ, ಆಮೇಲೆ ದಾಳ ಎಂದಾದರೆ, ತಿದ್ದುವವನು ದಾಳ ಎಲ್ಲಿ ಕೈಯಿಡುತ್ತದೋ ತಿಳಿಯದೆಯೇ ತಿದ್ದಬೇಕು. ದಾಳ ಕೊಟ್ಟ 20 ಅಂಕಿ ಬೀಜವಿದ್ದಂತೆ. ಅದನ್ನು ಎಲ್ಲರಿಗೂ ಗೊತ್ತಿರುವ ಒಂದು ಗಣಿತ ಸೂತ್ರಕ್ಕೆ ಹಾಕಿದರೆ ಸಂಖ್ಯೆಗಳ ಒಂದು ಉದ್ದನೆಯ ಸಾಲು ಹೊರಡುತ್ತದೆ. ಆ ಸಾಲೇ ಯಾವ ಕೌಂಟಿಯ ಯಾವ ಡಬ್ಬದಿಂದ ಯಾವ ಹಾಳೆ ಎತ್ತಬೇಕೆಂದು ಹೇಳುತ್ತದೆ. ಬೀಜ ಬಹಿರಂಗ, ಸೂತ್ರ ಬಹಿರಂಗ. ಅನುಮಾನವಿದ್ದವರು ಮನೆಯ ಲ್ಯಾಪ್‌ಟಾಪಿನಲ್ಲಿ ಅದೇ ಸಾಲನ್ನು ತಾವೂ ಬೆಳೆಸಿ ನೋಡಬಹುದು.

ಹಾಗಾದರೆ ಎಷ್ಟು ಹಾಳೆ ನೋಡಿದರೆ ಸಾಕು? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು ಎಂಬುದು ನಮ್ಮ ಅಡುಗೆಮನೆಗಳ ಹಳೆಯ ಮಾತು. ನಾಲ್ಕು ಜನರ ಪಾತ್ರೆಯಾದರೂ ಮದುವೆ ಮನೆಯ ಹಂಡೆಯಾದರೂ ಅಗುಳಿನ ಲೆಕ್ಕ ಹೆಚ್ಚಾಗುವುದಿಲ್ಲ. ಷರತ್ತು ಒಂದೇ: ಮೇಲಿನದನ್ನೇ ಎತ್ತಬಾರದು, ತಳದವರೆಗೆ ಸೌಟು ಹೋಗಬೇಕು. ದಾಳ ಆ ಸೌಟಿನ ಕೆಲಸ ಮಾಡುತ್ತದೆ. ಈ ಅಗುಳಿನ ಲೆಕ್ಕವನ್ನು ಚುನಾವಣೆಗೆ ಹೊಂದಿಸಿ ಕಟ್ಟಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್. 2008ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಮೊದಲ ಪ್ರಯೋಗ ನಡೆಯಿತು. ಇಡೀ ರಾಜ್ಯಕ್ಕೆ ಇದನ್ನು ತರುವ ಕಾನೂನನ್ನು ಕೊಲರಾಡೊ 2009ರಲ್ಲೇ ಮಾಡಿತಾದರೂ, ಗಡುವು ಮುಂದಕ್ಕೆ ಹೋಗಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಆ ವರ್ಷ ಇಡೀ ರಾಜ್ಯಕ್ಕೆ ಸೇರಿದ ಒಂದು ಸ್ಪರ್ಧೆಯೂ ಇರಲಿಲ್ಲ, ಎಲ್ಲವೂ ಊರಮಟ್ಟದವು. ರಾಜ್ಯವ್ಯಾಪಿಯಾಗಿ ಮೊದಲ ಬಾರಿಗೆ ಒರೆಗಲ್ಲಿಗೆ ಬಂದದ್ದು ಗವರ್ನರ್ ಚುನಾವಣೆಯಲ್ಲ, ಇಂಥ ಊರಮಟ್ಟದ ಪೈಪೋಟಿ.

ಎಷ್ಟು ಅಗುಳು ಎಂಬುದನ್ನು ನಿರ್ಧರಿಸುವುದು ಗೆಲುವಿನ ಅಂತರ. ಸೂತ್ರವನ್ನು ನಾನೇ ಕೂತು ಲೆಕ್ಕ ಹಾಕಿದೆ. ಅಪಾಯದ ಮಿತಿ ನೂರಕ್ಕೆ 5 ಎಂದಿಟ್ಟುಕೊಂಡು, ಅಂತರ ಒಟ್ಟು ಹಾಳೆಗಳ ನೂರಕ್ಕೆ 10ರಷ್ಟಿದ್ದರೆ, ತಪ್ಪೇ ಸಿಗದ ಪಕ್ಷದಲ್ಲಿ 62 ಹಾಳೆ ಸುಮಾರಿಗೆ ಸಾಕು. ಅಂತರ ನೂರಕ್ಕೆ 1 ಆದರೆ 620ರ ಆಸುಪಾಸು. 2020ರ ಜನಗಣತಿಯಲ್ಲಿ ಡೆನ್ವರ್ ಕೌಂಟಿಯ ಜನಸಂಖ್ಯೆ 7,15,522. ಬೆಟ್ಟಗಳ ನಡುವಿನ ಸ್ಯಾನ್ ವಾನ್ ಕೌಂಟಿಯದು 705. ಡೆನ್ವರ್ ಅದರ ಸಾವಿರ ಪಟ್ಟು ದೊಡ್ಡದು ಎಂಬ ಕಾರಣಕ್ಕೆ ಅಗುಳು ಸಾವಿರ ಪಟ್ಟಾಗುವುದಿಲ್ಲ. ನಮ್ಮಲ್ಲಿ ಸುಪ್ರೀಂ ಕೋರ್ಟಿನ 2019ರ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಮತಗಟ್ಟೆಗಳ ವಿವಿಪ್ಯಾಟ್ ಚೀಟಿ ಎಣಿಸುತ್ತಾರೆ. ಗೆಲುವು 50 ಸಾವಿರದ್ದಾದರೂ ಐದೇ, 50 ಮತದ್ದಾದರೂ ಐದೇ. ಎಲ್ಲಿ ಅಪಾಯ ಹೆಚ್ಚೋ ಅಲ್ಲಿ ಹೆಚ್ಚು ಅಗೆ ಎನ್ನುವ ಕೊಲರಾಡೊದ ಲೆಕ್ಕವೇ ನನಗೆ ಹೆಚ್ಚು ವಿವೇಕದ್ದೆನಿಸುತ್ತದೆ.

ಅಪಾಯದ ಮಿತಿ ಎಂಬುದನ್ನು ಜನ ತಲೆಕೆಳಗಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಫಲಿತಾಂಶ ನೂರಕ್ಕೆ 95 ಪಾಲು ಸರಿ ಎಂದಲ್ಲ ಅದರ ಅರ್ಥ. ಘೋಷಿಸಿದ ಫಲಿತಾಂಶ ನಿಜಕ್ಕೂ ತಪ್ಪಾಗಿದ್ದರೆ, ಆ ತಪ್ಪು ಈ ಒರೆಯಿಂದ ತಪ್ಪಿಸಿಕೊಂಡು ಹೋಗುವ ಸಂಭವ ಹೆಚ್ಚೆಂದರೆ ನೂರಕ್ಕೆ 5. ಬಾಕಿ ಸಂದರ್ಭಗಳಲ್ಲಿ ಒರೆ ನಿಲ್ಲುವುದೇ ಇಲ್ಲ. ಹಾಳೆಯ ಮೇಲೆ ಹಾಳೆ ಎತ್ತಿಸುತ್ತ, ಕೊನೆಗೆ ಎಲ್ಲವನ್ನೂ ಕೈಯಲ್ಲಿ ಎಣಿಸುವಂತೆ ಮಾಡಿ ಸರಿಯಾದ ವಿಜೇತರನ್ನು ತಂದು ನಿಲ್ಲಿಸುತ್ತದೆ. ಅಂದರೆ ಯಂತ್ರ ಸರಿ ಎಂದು ಹೊರಡುವ ಲೆಕ್ಕ ಇದಲ್ಲ. ಯಂತ್ರ ತಪ್ಪಿದೆ ಎಂದುಕೊಂಡೇ ಹೊರಟು, ಆ ಅನುಮಾನ ಸೋಲುವವರೆಗೆ ಬಿಡದ ಲೆಕ್ಕ. (ಇದು ಮರುಎಣಿಕೆಗೆ ಬದಲಿಯೂ ಅಲ್ಲ. ಅಂತರವು ಗೆದ್ದವರ ಮತದ ನೂರಕ್ಕೆ ಅರ್ಧದಷ್ಟೋ ಅದಕ್ಕೂ ಕಡಿಮೆಯೋ ಇದ್ದರೆ ಯಾರೂ ಕೇಳದೆಯೇ ಮರುಎಣಿಕೆ ನಡೆಯುತ್ತದೆ.)

ಹಾಳೆ ಎತ್ತುವ ಕೋಣೆಯಲ್ಲಿ ಸಡಗರವೇನೂ ಇಲ್ಲ. ಪಟ್ಟಿಯಲ್ಲಿ ಬಂದ ಡಬ್ಬ ತರುತ್ತಾರೆ, ಸೀಲಿನ ಸಂಖ್ಯೆಯನ್ನು ದಫ್ತರದೊಂದಿಗೆ ತಾಳೆ ನೋಡುತ್ತಾರೆ, ಒಡೆಯುತ್ತಾರೆ. ಕಂತೆ ಹುಡುಕಿ, ಒಂದು, ಎರಡು, ಮೂರು ಎಂದು ಬೆರಳಲ್ಲಿ ಎಣಿಸುತ್ತ ನಲವತ್ತೇಳಕ್ಕೆ ನಿಲ್ಲುತ್ತಾರೆ. ಎರಡು ಪಕ್ಷಗಳು ಹೆಸರಿಸಿದ ಇಬ್ಬರು ಹಾಳೆಯನ್ನು ನೋಡಿ ತಾವು ಕಂಡದ್ದನ್ನು ಕಂಪ್ಯೂಟರಿಗೆ ತುಂಬುತ್ತಾರೆ. ಯಂತ್ರ ಆ ಹಾಳೆಯನ್ನು ಹೇಗೆ ಓದಿತ್ತು ಎಂಬುದು ಆಗ ಅವರ ಕಣ್ಣಿಗೆ ಬೀಳುವುದಿಲ್ಲ. ಬಿದ್ದರೆ ಕಣ್ಣು ಅದನ್ನೇ ಕಾಣುತ್ತದೆ, ನಮ್ಮೆಲ್ಲರ ಕಣ್ಣೂ ಅಷ್ಟೇ. ಹೋಲಿಕೆ ಆಮೇಲೆ. ಗೆದ್ದವರಿಗೆಂದು ಯಂತ್ರ ಬರೆದುಕೊಂಡಿದ್ದ ಹಾಳೆಯಲ್ಲಿ ನಿಜಕ್ಕೂ ಸೋತವರ ಗುರುತಿದ್ದರೆ ಅದು ಎಲ್ಲಕ್ಕಿಂತ ಕೆಟ್ಟ ತಪ್ಪು. 62 ಹಾಳೆಗೆ ಮುಗಿಯಬೇಕಿದ್ದ ಕೆಲಸ ಅಂಥ ಒಂದೇ ಒಂದು ತಪ್ಪಿನಿಂದ 130ರ ಹತ್ತಿರ ಹೋಗುತ್ತದೆ. ಖಾಲಿ ಬಿಟ್ಟ ಜಾಗವನ್ನು ಗೆದ್ದವರ ಮತ ಎಂದು ಓದಿದ್ದರೆ ದಂಡ ಹಗುರ, ಹದಿನಾಲ್ಕು ಹಾಳೆಯಷ್ಟು. ತಪ್ಪಿಗೆ ತಕ್ಕ ದುಡಿಮೆ.

ಈ ಒರೆಗೆ ಕಾಣದ್ದೂ ಇದೆ. 2024ರ ಅಕ್ಟೋಬರ್‌ನಲ್ಲಿ ಮೇಸಾ ಕೌಂಟಿಯಲ್ಲಿ ಸುಮಾರು ಒಂದು ಡಜನ್ ಮತಪತ್ರಗಳು ಮತದಾರರನ್ನು ಮುಟ್ಟುವ ಮೊದಲೇ ಅಂಚೆಯಲ್ಲಿ ಕಳುವಾಗಿ, ಬೇರೆ ಯಾರೋ ತುಂಬಿ ಕಳಿಸಿದ್ದು ಬಯಲಾಯಿತು. ಹೆಚ್ಚಿನವು ಸಹಿಯ ಹಂತದಲ್ಲಿ ಸಿಕ್ಕಿಬಿದ್ದವು. ಮೂರು ಮಾತ್ರ ದಾಟಿಹೋಗಿ ಎಣಿಕೆಗೆ ಸೇರಿದವು. ಸೇರಿದ ಮೇಲೆ ತೆಗೆಯಲು ಬರುವುದಿಲ್ಲ. ಲಕೋಟೆಯಿಂದ ಹೊರಬಂದ ಹಾಳೆಗೆ ಹೆಸರಿಲ್ಲವಲ್ಲ. ದಾಳ ಆ ಮೂರು ಹಾಳೆಗಳನ್ನೇ ಎತ್ತಿದ್ದರೂ ಕಾಗದವೂ ಯಂತ್ರವೂ ಒಂದೇ ಮಾತು ಹೇಳುತ್ತಿದ್ದವು. ಮತ ಗುಟ್ಟಾಗಿರಬೇಕೆಂದರೆ ತೆರಬೇಕಾದ ಬೆಲೆ ಅದು.

ಅದೇ ಮೇಸಾದಲ್ಲಿ ಇನ್ನೊಂದು ಬಗೆಯ ಪರೀಕ್ಷೆಯೂ ನಡೆದಿತ್ತು. 2021ರಲ್ಲಿ ಅಲ್ಲಿನ ಕೌಂಟಿ ಕ್ಲರ್ಕ್, ಚುನಾವಣಾ ಯಂತ್ರಗಳ ತಂತ್ರಾಂಶ ನವೀಕರಿಸುವ ಕಡೆಗೆ ಅಧಿಕಾರವಿಲ್ಲದ ವ್ಯಕ್ತಿಯನ್ನು ಒಳಬಿಟ್ಟ ಪ್ರಕರಣದಲ್ಲಿ 2024ರ ಆಗಸ್ಟ್‌ನಲ್ಲಿ ಜೂರಿ ಅವರನ್ನು ತಪ್ಪಿತಸ್ಥರೆಂದಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಭಯ ಎಲ್ಲ ಊರಿನಲ್ಲೂ ಇದ್ದದ್ದೇ. ಜೋಡಿ ಕೈ, ಸೀಲಿನ ಸಂಖ್ಯೆ, ಹ್ಯಾಶ್, ಬೇರೆ ಊರಲ್ಲಿ ಉರುಳುವ ದಾಳ, ಇವೆಲ್ಲ ಬೇಲಿಯನ್ನೂ ನಂಬದವರು ಕಟ್ಟಿದ ಏರ್ಪಾಟು. ಯಂತ್ರವನ್ನು ಮುಟ್ಟಿದವರು ಯಾರೇ ಆಗಲಿ, ಡಬ್ಬದೊಳಗಿನ ಕಾಗದ ಯಂತ್ರದ ಮಾತು ಕೇಳುವುದಿಲ್ಲ.

ಕೋಣೆಯಲ್ಲಿ ಕೊನೆಯ ಹಾಳೆಯೂ ತಾಳೆಯಾದರೆ ಜೋಡಿ ಸಹಿ ಹಾಕುತ್ತದೆ. ಎತ್ತಿದ ಹಾಳೆ ತನ್ನ ಜಾಗಕ್ಕೆ, ನಲವತ್ತಾರರ ಕೆಳಗೆ ನಲವತ್ತೆಂಟರ ಮೇಲೆ, ಹಿಂತಿರುಗುತ್ತದೆ. ಡಬ್ಬಕ್ಕೆ ಹೊಸ ಸೀಲ್ ಬೀಳುತ್ತದೆ, ದಫ್ತರಕ್ಕೆ ಅದರ ಸಂಖ್ಯೆ ಏರುತ್ತದೆ. ಕೊಲರಾಡೊದ ಕಾನೂನಿನಂತೆ ಆ ಡಬ್ಬ 25 ತಿಂಗಳು ಉಗ್ರಾಣದಲ್ಲಿರಬೇಕು. ಅಷ್ಟರೊಳಗೆ ಪಕ್ಕದ ಕಪಾಟಿನಲ್ಲಿ ಮುಂದಿನ ಚುನಾವಣೆಯ ಡಬ್ಬಗಳೂ ಬಂದು ಕೂತಿರುತ್ತವೆ.